ಹಾಜರಿದ್ದವರ ನಿಶಾನಿ

ಮೊದಲ ಪೆಟ್ಟು ಕಲ್ಲಿನದೋ ಬಡಿಗೆಯದೋ ನನಗೆ ಗೊತ್ತಿಲ್ಲ. ಕೆಲವು ವರ್ಷ ಕಲ್ಲು ಎಂದು ಹೇಳಿದೆ, ಆಮೇಲೆ ಕೆಲವು ವರ್ಷ ಬಡಿಗೆ ಎಂದೆ. ಎರಡನ್ನು ಹೇಳುವಾಗಲೂ ಆ ಸದ್ದು ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಮತ್ತು ಅವು ಬೇರೆ ಬೇರೆ ಸದ್ದುಗಳು. ಹಾಗಿದ್ದ ಮೇಲೆ ಕನಿಷ್ಠ ಒಂದನ್ನಾದರೂ ನಾನೇ ಹುಟ್ಟಿಸಿಕೊಂಡಿದ್ದೇನೆ. ಎರಡನ್ನೂ ಹುಟ್ಟಿಸಿಕೊಂಡಿರಬಹುದು. ಲಾರಿಯ ಹಿಂಬದಿಯಲ್ಲಿ ತಲೆ ತಗ್ಗಿಸಿ ಕೂತವನಿಗೆ ಏನು ಕಂಡೀತು?

ಸತ್ತವರು ನನ್ನ ಇಂಗ್ಲಿಷ್ ಮಾಸ್ತರರು. ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವಾರವಾಗಿರಬೇಕು. ಆಗ ನನಗೆ ಇಪ್ಪತ್ತೆರಡು ವರ್ಷ. ನಡೆದದ್ದನ್ನು ನೋಡಿಲ್ಲ ಎಂದು ಜಾರಿಕೊಳ್ಳುವ ವಯಸ್ಸಲ್ಲ ಅದು.

ಅವರು ನನ್ನ ಊರಿನವರೇ, ಕಮಲಾಪುರದವರು. ಕಲಬುರಗಿಯ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಕೋಟೆಯ ಒಳಗೆ, ಹಳೆಯ ಜಾಮಾ ಮಸೀದಿಯ ಹಿಂದಿನ ಓಣಿಯಲ್ಲಿ ಅಕ್ಕನ ಮನೆಯಲ್ಲಿ ಇರುತ್ತಿದ್ದರು. ಉಳಿದ ಪಾಠಗಳೆಲ್ಲ ನಮಗೆ ಉರ್ದುವಿನಲ್ಲಿ. ಇಂಗ್ಲಿಷನ್ನು ಮಾತ್ರ ಅವರು ಉರ್ದು, ಕನ್ನಡ ಎರಡನ್ನೂ ಕಲಸಿ ಹೇಳುತ್ತಿದ್ದರು. ವಾರಕ್ಕೊಂದು ಲ್ಯಾಟಿನ್ ಧಾತುವನ್ನು ಕರಿಹಲಗೆಯ ನಡುವೆ ಬರೆದು, ಅದರಿಂದ ಹುಟ್ಟಿದ ಇಂಗ್ಲಿಷ್ ಪದಗಳನ್ನು ಸುತ್ತಲೂ ಬರೆಯುವುದು ಅವರ ಕ್ರಮ. ಮುಂದಿನ ವಾರ ಅಂಗೈ ಚಾಚಿ ನಿಂತು ಎಲ್ಲವನ್ನೂ ಒಪ್ಪಿಸಬೇಕು. ಬಿಟ್ಟುಹೋದ ಒಂದೊಂದು ಪದಕ್ಕೆ ಒಂದೊಂದು ಬೆತ್ತದೇಟು. ನನಗೆ ಒಂದು ಹೆಚ್ಚು.

"ನಮ್ಮೂರವ ಇದ್ದಿ. ನಿನಗ ಕಡಿಮಿ ಹೊಡದ್ರ ಮಂದಿ ಏನಂದಾರು?"

ಒಂದು ವಾರದ ಧಾತು ಸೆಂತೀರೆ. ಅನುಭವಿಸು, ಅನಿಸು ಎಂದು ಅರ್ಥ. ಅದರಿಂದ ಸೆನ್ಸ್, ಸೆಂಟಿಮೆಂಟ್, ಕನ್ಸೆಂಟ್, ಅಸೆಂಟ್, ಡಿಸೆಂಟ್, ರಿಝೆಂಟ್, ಸೆಂಟೆನ್ಸ್. ಜೊತೆಗೂಡಿ ಅನಿಸಿದರೆ ಕನ್ಸೆಂಟ್, ಬೇರೆಯಾಗಿ ಅನಿಸಿದರೆ ಡಿಸೆಂಟ್. ಹಳೆಯದೊಂದು ಮತ್ತೆ ಮತ್ತೆ ಚುಚ್ಚಿದರೆ ರಿಝೆಂಟ್. ನ್ಯಾಯಾಧೀಶನಿಗೆ ಅನಿಸಿದ್ದು ಸೆಂಟೆನ್ಸ್, ಅದು ಇನ್ನೊಬ್ಬನ ಕುತ್ತಿಗೆಗೆ ಬರುತ್ತದೆ.

"ರೋಮಿನವರು ಅಭಿಪ್ರಾಯ ಅನ್ನೋದನ್ನ ತಲ್ಯಾಗ ಇಟ್ಟಿಲ್ಲ, ಚರ್ಮದಾಗ ಇಟ್ಟಾರ. ಅದಕ್ಕ ನಾನೂ ಚರ್ಮದಿಂದ ಕಲಸ್ತೀನಿ," ಎಂದು ಬೆತ್ತ ಬಗ್ಗಿಸಿ ನೋಡಿದರು. ಹುಡುಗರು ನಕ್ಕರು. ನಾನೂ ನಕ್ಕಿರಬೇಕು.

ನಾನು ಆರು ಹೇಳಿದೆ, ಒಂದು ಬಿಟ್ಟೆ. ಯಾವುದೆಂದು ನೆನಪಿಲ್ಲ. ಡಿಸೆಂಟ್ ಎಂದು ಹೇಳಿದರೆ ಕಥೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆ ಕಾರಣಕ್ಕೇ ನಾನದನ್ನು ನಂಬುವುದಿಲ್ಲ. ಎರಡನೆಯ ಏಟಿಗೆ ಹೆಬ್ಬೆರಳ ಬುಡದ ಚರ್ಮ ಸೀಳಿ ರಕ್ತ ಮೊಣಕೈಯವರೆಗೆ ಇಳಿಯಿತು. ಮಾಸ್ತರರು ತಮ್ಮ ಕರವಸ್ತ್ರ ಹರಿದು ಕಟ್ಟಿದರು. ಕಟ್ಟುತ್ತಲೇ ಬಿಟ್ಟ ಪದವನ್ನು ಮೂರು ಸಲ ಹೇಳಿಸಿದರು. ಆ ಗಾಯದ ಗುರುತು ಈಗಲೂ ಇದೆ.

ಮುಂದೆ ಹೈದರಾಬಾದಿಗೆ ಓದಲು ಹೋದೆ. ನಲವತ್ತೆಂಟರ ಬೇಸಿಗೆಯಲ್ಲಿ ಅಲ್ಲಿನ ಗಲಾಟೆಯಿಂದ ಕ್ಲಾಸುಗಳು ನಿಂತು ಕಮಲಾಪುರಕ್ಕೆ ಮರಳಿದೆ. ಅಪ್ಪ ಊರಿನ ಕುಲಕರ್ಣಿ. ನಮ್ಮ ಮನೆಯಲ್ಲಿ ಅಡುಗೆಮನೆಯ ಮಾತು ಮರಾಠಿ, ಓಣಿಯ ಮಾತು ಕನ್ನಡ, ಕಾಗದದ ಮಾತು ಅರ್ಧಕ್ಕರ್ಧ ಉರ್ದು. ಖಾಲಿ ಕೂತ ಮಗನಿಗೆ ಅಪ್ಪ ನಕಲು ಮಾಡುವ ಕೆಲಸ ಹಚ್ಚಿದ.

ಅದಕ್ಕೊಂದು ಪದ್ಧತಿ ಇತ್ತು. ಮೂಲ ಕಾಗದದ ಮೇಲೆ, ನಕಲಿಗೆ ಇಳಿಸಿದ ಒಂದೊಂದು ಗುರುತಿನ ಮುಂದೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯಬೇಕು. ಮಸಿ ಚೆಲ್ಲಿದ್ದು, ಹೊಡೆದುಹಾಕಿದ್ದು, ನಕಲಿಗೆ ಬೇಡವಾದದ್ದು ಏನಿದ್ದರೂ ಅದರ ಸುತ್ತ ಸೊನ್ನೆ ಸುತ್ತಬೇಕು.

"ಸೊನ್ನಿ ಇದ್ರ ಬೇಕಂತ ಬಿಟ್ಟದ್ದು. ಏನೂ ಇಲ್ಲಂದ್ರ ಕಣ್ಣು ತಪ್ಪಿ ಬಿಟ್ಟದ್ದು," ಎನ್ನುತ್ತಿದ್ದ ಅಪ್ಪ. "ಕಣ್ಣು ತಪ್ಪಿದ್ದಕ್ಕ ಮಾಫಿ ಅದ."

ಊರಿನಲ್ಲಿ ಮಹಜರು ಬರೆಯುವುದಕ್ಕೂ ಒಂದು ಪದ್ಧತಿ. ಜಗಳ, ಕಳವು, ಸಾವು ಏನೇ ಆದರೂ ಅಪ್ಪ ಚಾವಡಿಯಲ್ಲಿ ಕೂತು ಬರೆದು ಗಟ್ಟಿಯಾಗಿ ಓದುವನು. ಓದುವಾಗ ಅಲ್ಲಿದ್ದವರೆಲ್ಲ ಕೆಳಗೆ ತಮ್ಮ ನಿಶಾನಿ ಹಾಕಬೇಕು. ಒಕ್ಕಲಿಗ ನೇಗಿಲು ಬರೆಯುವನು, ಬಡಿಗ ಉಳಿ, ದರ್ಜಿ ಕತ್ತರಿ, ತಳವಾರ ಕೋಲು. ಅಕ್ಷರ ಬಂದವರು ಸಹಿ ಮಾಡುವರು. ಕಾಗದದಲ್ಲಿರುವುದು ಖರೆ ಎಂದು ನಿಶಾನಿ ಹೇಳುತ್ತಿರಲಿಲ್ಲ. ಓದಿದಾಗ ನಾನು ಹಾಜರಿದ್ದೆ, ಕೇಳಿದೆ ಎಂದಷ್ಟೇ ಅದು ಹೇಳುತ್ತಿತ್ತು. ಕಳವಿನ ಮಹಜರಿಗೆ ಕಳ್ಳನೂ ನಿಶಾನಿ ಹಾಕಿದ್ದನ್ನು ನಾನು ನೋಡಿದ್ದೇನೆ. ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ.

ಆ ಶ್ರಾವಣದಲ್ಲಿ ಖಾಕಿ ತೊಟ್ಟವರ ಲಾರಿ ನಮ್ಮೂರಿಗೆ ಬಂತು. ಸಂಸ್ಥಾನವನ್ನು ಉಳಿಸುತ್ತೇವೆ ಎಂದು ಹೊರಟ ಪಡೆ ಅದು. ಮೊದಲು ಎರಡು ಬಣವೆ ಸುಟ್ಟರು. ಆಮೇಲೆ ಗೌಡರ ಓಣಿಗೆ ನುಗ್ಗಿ ಮೂರು ಮನೆಗಳಿಗೆ ಬೆಂಕಿ ಇಟ್ಟರು. ಗೌಡನ ತಮ್ಮ ಹಿತ್ತಲಿನ ಗೋಡೆ ಹಾರಿ ಬಾವಿಯ ಕಡೆ ಓಡಿದ. ಬಾವಿಯ ಕಟ್ಟೆಯ ಮೇಲೆಯೇ ಕಡಿದರು. ಮರುದಿನ ನೋಡಿದಾಗ ಅವನ ಬಲಗೈ ಬಾವಿಯ ಹಗ್ಗವನ್ನು ಹಿಡಿದೇ ಇತ್ತು, ಆದರೆ ಕೈಗೂ ಭುಜಕ್ಕೂ ಸಂಬಂಧ ಉಳಿದಿರಲಿಲ್ಲ. ಅವನ ಹೆಂಡತಿ ಆ ಕೈಯನ್ನು ಹಗ್ಗದಿಂದ ಬಿಡಿಸಲು ಯಾರನ್ನೂ ಬಿಡಲಿಲ್ಲ. ತಾನೇ ಒಂದೊಂದೇ ಬೆರಳನ್ನು ಬಿಡಿಸಿದಳು.

ನಾನು ನಮ್ಮ ಮಾಳಿಗೆಯ ಮೇಲೆ ಮಲಗಿ ಕಂಡಿಯಿಂದ ನೋಡುತ್ತಿದ್ದೆ. ಶಾಲೆ ಮುಚ್ಚಿದ್ದರಿಂದ ಊರಿಗೆ ಬಂದಿದ್ದ ಮಾಸ್ತರರು ಬಿಳಿ ಶೇರವಾನಿಯಲ್ಲಿ ಲಾರಿಯ ಮುಂದೆ ನಿಂತಿದ್ದರು. ನನಗೆ ಕಂಡದ್ದು ಅವರ ಬೆನ್ನು. ಅವರು ಒಂದು ಕೈ ಎತ್ತಿದರು. ಗೌಡರ ಓಣಿ ಅಲ್ಲಿದೆ ಎಂದು ತೋರಿಸಲು ಎತ್ತಿದರೋ, ನಿಲ್ಲಿ ಎಂದು ತಡೆಯಲು ಎತ್ತಿದರೋ? ಹಿಂದಿನಿಂದ ನೋಡಿದವನಿಗೆ ಎರಡೂ ಒಂದೇ ಕೈ. ಊರಿನಲ್ಲಿ ಇನ್ನೂ ಐದಾರು ಜನ ಆ ಕೈಯನ್ನು ನೋಡಿದ್ದರು, ಎಲ್ಲರೂ ಹಿಂದಿನಿಂದಲೇ. ಎದುರಿನಿಂದ ನೋಡಿದವರು ಲಾರಿ ಹತ್ತಿ ಹೋಗಿದ್ದರು.

ಹದಿನೈದಿಪ್ಪತ್ತು ದಿನಗಳಲ್ಲಿ ದೊಡ್ಡ ಸೈನ್ಯ ಬಂತು, ಸಂಸ್ಥಾನ ಮುಗಿಯಿತು. ಖಾಕಿಯವರು ಖಾಕಿ ಬಿಚ್ಚಿ ಓಡಿದರು. ಅವರದೇ ಮತದ, ಓಡಲು ಕಾರಣವಿಲ್ಲದವರು, ಏನೂ ಮಾಡದವರು ಊರೂರಲ್ಲಿ ಉಳಿದರು; ಪೆಟ್ಟು ಬಿದ್ದದ್ದು ಹೆಚ್ಚಾಗಿ ಅವರಿಗೇ. ನಮ್ಮೂರಲ್ಲಿ ಪಿಂಜಾರರ ಎರಡು ಮನೆಗಳ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ಹಿಂದಿನ ದಿನ ಅವರ ಹತ್ತಿರವೇ ಗಾದಿ ಹೊಲಿಸಿದ್ದವರೂ ಆ ಗುಂಪಿನಲ್ಲಿದ್ದರು. ಸುಟ್ಟ ಹತ್ತಿಯ ವಾಸನೆ ನಮ್ಮ ನೀರಿನ ಗಡಿಗೆಗೂ ಹತ್ತಿತ್ತು.

ಮಾರನೆಯ ಬೆಳಿಗ್ಗೆ ಮಾಸ್ತರರನ್ನು ಮನೆಯಿಂದ ಎಳೆದು ತಂದರು. ಟೋಪಿ ಇರಲಿಲ್ಲ, ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಒಬ್ಬ ಕೊಡಲಿ ಎತ್ತಿದ್ದ. ಆಗ ಅಪ್ಪ ತನ್ನ ದಫ್ತರದ ಗಂಟನ್ನು ಬಗಲಲ್ಲಿ ಹಿಡಿದು ನಡುವೆ ನುಗ್ಗಿದ. ಅಪ್ಪ ಧೈರ್ಯದ ಮನುಷ್ಯ ಅಲ್ಲ. ಅವನಿಗೆ ಗೊತ್ತಿದ್ದದ್ದು ಕಾಗದ ಒಂದೇ.

"ಮಹಜರ ಆಗೋತನಾ ಯಾರೂ ಕೈ ಎತ್ತಂಗಿಲ್ಲ. ಬರದು ಕಲಬುರ್ಗಿಗೆ ಕಳಸೋಣು, ಹೊಸ ಸಾಹೇಬ್ರು ನೋಡ್ಕೋತಾರ."

"ಕುಲಕರ್ಣ್ಯಾರ, ನನ್ನ ತಮ್ಮನ್ನ ಕಡಿಯೂ ಮುಂದ ಯಾವ ಮಹಜರ ಬರದಿದ್ರಿ?" ಎಂದ ಗೌಡ.

"ಆವತ್ತು ಬರೀಲಿಲ್ಲ, ಅದು ನಂದು ತಪ್ಪು. ಇವತ್ತು ಬರೀತೀನಿ."

ಗೌಡ ಮಾಸ್ತರರ ಕಡೆ ತಿರುಗಿದ. "ಮಾಸ್ತರ, ಆವತ್ತು ಕೈ ಯಾಕ ಎತ್ತಿದ್ರಿ?"

"ನಿಲ್ಲಸಾಕ ಎತ್ತಿದ್ದೆ, ಗೌಡ್ರ."

"ನಿಂತ್ರೇನು?"

ಮಾಸ್ತರರು ಬಾವಿಯ ಕಡೆ ನೋಡಿದರು.

ಚಾವಡಿಯಲ್ಲಿ ಅಪ್ಪ ಬರೆದ. ಮಾಸ್ತರರು ಲಾರಿಯವರಿಗೆ ಗೌಡರ ಓಣಿ ತೋರಿಸಿದರೆಂದು ಊರಿಗೆ ಅನಿಸುತ್ತದೆ, ವಿಚಾರಣೆ ಆಗಲಿ, ಇವರನ್ನು ಸಾಹೇಬರು ತಮ್ಮ ತಾಬೆಗೆ ತೆಗೆದುಕೊಳ್ಳಲಿ ಎಂದು. ಆ ಕೊನೆಯ ಮಾತು ಅಪ್ಪನ ಜಾಣತನ. ಕಲಬುರಗಿಯ ತಾಬೆಗೆ ಸೇರಿದರೆ ಮಾಸ್ತರರ ಜೀವ ಉಳಿಯುತ್ತದೆ. ಊರಲ್ಲಿ ಉಳಿದರೆ ಉಳಿಯುವುದಿಲ್ಲ. ಇಷ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಓದಿ ಮುಗಿದ ಮೇಲೆ ನಿಶಾನಿಗಳು ಶುರುವಾದವು. ನೇಗಿಲು, ನೇಗಿಲು, ಉಳಿ, ಕತ್ತರಿ, ಕೋಲು. ಗೌಡ ಲೇಖಣಿಯನ್ನು ಕಾಗದ ಹರಿಯುವಷ್ಟು ಒತ್ತಿ ನೇಗಿಲು ಬರೆದ. ಆಮೇಲೆ ಅಪ್ಪ ಅಭ್ಯಾಸಬಲದಿಂದ ಕಾಗದವನ್ನು ಮಾಸ್ತರರ ಮುಂದೂ ಹಿಡಿದ. "ನೀವೂ ಹಾಜಿರ್ ಇದ್ದೀರಿ." ಮಾಸ್ತರರು ಅದೇ ಊರಲ್ಲಿ ಹುಟ್ಟಿದವರು. ಪದ್ಧತಿ ಅವರಿಗೂ ಗೊತ್ತು. ಲೇಖಣಿ ತೆಗೆದುಕೊಂಡು ಬರೆದರು. ಸಹಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದರು ಎಂದು ನನಗೆ ನೆನಪು. ಕೈ ಊದಿತ್ತು, ಅದಕ್ಕೂ ಇರಬಹುದು.

ಸೈನ್ಯದ ಹಿಂದೆ ಬಂದ ಹೊಸ ಸಾಹೇಬರಿಗೆ ಕನ್ನಡವೂ ಬರದು, ಉರ್ದುವೂ ಬರದು. ಇಂಗ್ಲಿಷಿನ ನಕಲು ನನ್ನ ಪಾಲಿಗೆ ಬಂತು. ಚಾವಡಿಯ ಮೂಲೆಯಲ್ಲಿ ಕೂತು ಬರೆದೆ. ಗೌಡ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಊರಿನ ಸರ್ವಸಮ್ಮತ ಅಭಿಪ್ರಾಯ ಎಂದು ಕೊನೆಗೊಂದು ವಾಕ್ಯ ಸೇರಿಸಿದೆ. ಕನ್ಸೆಂಟ್ ಎಂಬ ಪದವನ್ನೇ ಹಾಕಿದೆ. ಅಪ್ಪನ ಮೂಲದಲ್ಲಿ ಅಂಥ ವಾಕ್ಯ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಕಾಗದ ಹಾಗೆ ಮುಗಿದರೆ ಚಂದ ಎನಿಸಿತು.

ಹತ್ತಿ ವ್ಯಾಪಾರಿಯೊಬ್ಬನ ಲಾರಿಯಲ್ಲಿ ಹೊರಟೆವು. ನಾನು, ಮಾಸ್ತರರು, ಕಾವಲಿಗೆ ಗೌಡನ ಇಬ್ಬರು ಆಳುಗಳು. ಮಾಸ್ತರರ ಕೈಗಳನ್ನು ಎತ್ತಿನ ಹಗ್ಗದಿಂದ ಕಟ್ಟಿದ್ದರು. ದಾರಿಯಲ್ಲಿ ಅವರು ಕೇಳಿದರು.

"ನಾ ಬರದದ್ದೆಲ್ಲಾ ಇಳಿಸಿದಿ ಏನಪಾ?"

"ಇಳಿಸೀನ್ರಿ ಸರ್."

ಒಬ್ಬ ಆಳು ನಕ್ಕ. "ನೋಡಲೇ, ಸಾಯೂ ಮುಂದೂ ಪರೀಕ್ಷಾ ತಗೊಳ್ಳಾಕತ್ತಾನ."

"ಇವಗ ತಗೋಬೇಕಪಾ, ಗಡಬಡಿ ಭಾಳ," ಎಂದರು ಮಾಸ್ತರರು. ಅವರ ತುಟಿ ಒಡೆದಿತ್ತು, ಆದರೂ ನಗಲು ನೋಡಿದರು.

ಕಲಬುರಗಿಯ ಜಗತ್ ಎಂಬ ಪೇಟೆಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ರಸ್ತೆಯ ತುಂಬ ಜೋಡಿ ತಪ್ಪಿದ ಚಪ್ಪಲಿಗಳು. ಒಂದು ಟಾಂಗಾ ಮಗುಚಿ ಬಿದ್ದಿತ್ತು, ಕುದುರೆ ಅದಕ್ಕೆ ಕಟ್ಟಿದ ಹಾಗೆಯೇ ಸತ್ತಿತ್ತು, ಅದರ ಹೊಟ್ಟೆ ಊದಿತ್ತು. ಸಾಹೇಬರು ಕೂತಿದ್ದ ಕಟ್ಟಡದೊಳಗೆ ನನ್ನೊಬ್ಬನನ್ನೇ ಬಿಟ್ಟರು. ಆತ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವನು, ನಿದ್ದೆಗೆಟ್ಟ ಕಣ್ಣು. ಮೇಜಿನ ಮೇಲೆ ಇಂಥ ಕಾಗದಗಳ ರಾಶಿಯೇ ಇತ್ತು. ನನ್ನ ನಕಲನ್ನು ಓದಿದ.

"ಇವನೂ ಸಹಿ ಮಾಡಿದ್ದಾನೆ."

"ಹೌದು, ಸರ್."

"ಅಂದರೆ ಇವನೂ ಒಪ್ಪಿದ್ದಾನೆ. ಯಾರ ತಕರಾರೂ ಇಲ್ಲ. ಹಾಗಿದ್ದ ಮೇಲೆ ನಾನು ವಿಚಾರಿಸುವುದು ಏನಿದೆ?"

ನಿಶಾನಿ ಎಂದರೆ ಹಾಜರಿ, ಒಪ್ಪಿಗೆ ಅಲ್ಲ ಎಂದು ನಾನು ಹೇಳಿದೆನೆ? ಹೇಳಿದ ನೆನಪಿದೆ, ಇಂಗ್ಲಿಷ್ ವಾಕ್ಯದ ಸಮೇತ. ಆದರೆ ಆ ವಾಕ್ಯದ ವ್ಯಾಕರಣ ತೀರ ಸರಿಯಾಗಿದೆ. ಹೆದರಿದ ಮನುಷ್ಯನ ವಾಕ್ಯ ಅದಲ್ಲ, ವರ್ಷಗಟ್ಟಲೆ ತಿದ್ದಿದ ವಾಕ್ಯ. ಹೇಳಿರಲಿಕ್ಕಿಲ್ಲ.

ಇಲ್ಲಿ ಜಾಗ ಇಲ್ಲ, ಪೊಲೀಸರನ್ನು ಕಳಿಸುತ್ತೇನೆ, ಅಲ್ಲಿಯವರೆಗೆ ಊರಲ್ಲೇ ಕಾವಲಿನಲ್ಲಿಡಿ ಎಂದು ಬರೆದುಕೊಟ್ಟ. ನಕಲನ್ನು ರಾಶಿಗೆ ಸೇರಿಸಿದ. ಮೂಲವನ್ನು ಮಡಿಕೆ ಬಿಚ್ಚದೆಯೇ ನನಗೆ ಮರಳಿಸಿದ.

ಹೊರಗೆ ಬಂದಾಗ ಮಾಸ್ತರರು ನನ್ನ ಮುಖ ನೋಡಿದರು. "ಏನಂದಾರ?"

"ಊರಿಗೆ ಕರ್ಕೊಂಡು ಹೋಗಂದಾರ್ರಿ. ಪೊಲೀಸ್ರು ಬರ್ತಾರಂತ."

"ನನ್ನ ಮಾತು ಓದಿದ್ರೇನು?"

"ಓದಿದ್ರು."

ಕೋಟೆಯ ಹತ್ತಿರ ಲಾರಿ ನಿಧಾನವಾಯಿತು, ಕಂದಕದ ಪಕ್ಕ ದನ ಅಡ್ಡ ಬಂದಿದ್ದವು. ಮಾಸ್ತರರು ಒಳಗಿನ ಓಣಿಯ ಕಡೆ ಗದ್ದ ಎತ್ತಿ ಮೆಲ್ಲಗೆ ಹೇಳಿದರು. "ಅಕ್ಕನ ಮನಿ ಇಲ್ಲೇ ಅದ. ಇಳಿಸಿಬಿಡಪಾ. ಹಾರ್ಕೊಂಡು ಹೋದ ಅಂತ ಹೇಳು."

ಆಳುಗಳಲ್ಲಿ ಒಬ್ಬ ಬೀಡಿ ಹಚ್ಚುತ್ತಿದ್ದ, ಇನ್ನೊಬ್ಬ ದನ ಓಡಿಸಲು ಕೆಳಗಿಳಿದಿದ್ದ. ಹಗ್ಗದ ಗಂಟು ನನ್ನ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ನಾನು ಸಾಹೇಬರ ಚೀಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡೆ. ದನ ದಾಟಿದವು.

ತಾಜಸುಲ್ತಾನಪುರ ದಾಟುವವರೆಗೂ ಅವರು ಹಿಂದೆ ಸರಿಯುತ್ತಿದ್ದ ಕೋಟೆಯ ಕಡೆಯೇ ನೋಡುತ್ತಿದ್ದರು.

ಕಮಲಾಪುರ ಇನ್ನೂ ಅರ್ಧ ಮೈಲಿ ಇರುವಾಗ, ಕೆಂಪು ಬಾಳೆಯ ತೋಟಗಳು ಶುರುವಾಗುವಲ್ಲಿ ಲಾರಿಯನ್ನು ತಡೆದರು. ಮೂವತ್ತು ನಲವತ್ತು ಜನ. ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು. ಗೌಡ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ತಿರುಗಿಸಿ ನೋಡಿದ.

"ಇದ್ರಾಗ ಏನದ?"

"ಊರಾಗ ಕಾವಲಿಡ್ರಿ ಅಂತ ಅದ."

"ಅಂದ್ರ ನಮ್ಮ ಕೈಯಾಗ ಕೊಟ್ಟಾರ."

"ಕಾವಲಿಗೆ ಗೌಡ್ರ, ಕಾವಲಿಗೆ."

"ಹೌದಪಾ, ಕಾವಲಿಗೆ," ಎಂದ ಗೌಡ. ಯಾರೋ ನಕ್ಕರು.

ಮಾಸ್ತರರನ್ನು ಕಾಲು ಹಿಡಿದು ಲಾರಿಯಿಂದ ಎಳೆದರು. ಕಟ್ಟಿದ ಕೈಗಳಿಂದಾಗಿ ಆತುಕೊಳ್ಳಲಾಗದೆ ಮುಖ ಕೆಳಗಾಗಿ ಬಿದ್ದರು. ಆಮೇಲಿನದು ಕಲ್ಲೋ ಬಡಿಗೆಯೋ. ಬಾಳೆಯ ದಿಂಡು ಕಡಿಯುವ ಕುಡಗೋಲು ಒಂದು ಮೇಲೆದ್ದು ಇಳಿದದ್ದು ಕಂಡೆ, ಅಥವಾ ಅದರ ನೆರಳು ಲಾರಿಯ ಹಲಗೆಯ ಮೇಲೆ ಬಿದ್ದದ್ದು ಕಂಡೆ. ಅವರು ಒಂದೇ ಸಲ ಕೂಗಿದರು, ಆ ಕೂಗಿನಲ್ಲಿ ಪದ ಇರಲಿಲ್ಲ. ತರಗತಿಯಲ್ಲಿ ಅವರಿಂದ ಏಟು ತಿಂದಿದ್ದ ಇನ್ನೊಬ್ಬನೂ ಆ ಗುಂಪಿನಲ್ಲಿದ್ದ. ಅವನು ಹೊಡೆದನೋ ಸುಮ್ಮನೆ ನಿಂತಿದ್ದನೋ, ನಾನು ಕೇಳಲಿಲ್ಲ. ಅವನೂ ನನ್ನನ್ನು ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಒಮ್ಮೆಗೇ ಕೈ ನಿಲ್ಲಿಸಿದರು; ದಣಿದಿದ್ದರು. ಗೌಡ ಬಾಳೆಯ ಎಲೆ ಹರಿದು ತನ್ನ ಕೈ ಒರೆಸಿಕೊಂಡ. ಅಳುತ್ತಿದ್ದ.

ಅಪ್ಪ ಆ ಸಾವಿಗೆ ಮಹಜರು ಬರೆಯಲು ಚಾವಡಿಯಲ್ಲಿ ಕೂತ. ಯಾರೂ ಹಾಜರಾಗಲಿಲ್ಲ. ಖಾಲಿ ಚಾವಡಿಗೆ ಗಟ್ಟಿಯಾಗಿ ಓದಿ, ತನ್ನದೊಂದೇ ಸಹಿ ಹಾಕಿ ಗಂಟು ಕಟ್ಟಿದ. ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಆಮೇಲೆ ನಾನು ಇಂಗ್ಲಿಷ್ ಅಧ್ಯಾಪಕನಾದೆ. ಕಲಬುರಗಿಯಲ್ಲೇ ಮೂವತ್ತು ವರ್ಷ ಕಲಿಸಿದೆ. ಪ್ರತಿ ವರ್ಷ ಧಾತುಗಳ ಪಾಠಕ್ಕೆ ಬಂದಾಗ, ಬೆತ್ತವಿಲ್ಲದೆ, ಸೆಂತೀರೆ ಬರೆದು ಸುತ್ತಲೂ ಏಳು ಪದ ಬರೆಯುತ್ತಿದ್ದೆ. ಹುಡುಗರು ಮಂಕಾಗಿ ಕೂತಿದ್ದರೆ ಈ ಕಥೆ ಹೇಳುತ್ತಿದ್ದೆ. ನನ್ನ ಮಾಸ್ತರರು ತಮ್ಮ ವಿರುದ್ಧದ ಮಹಜರಿನ ಮೇಲೆ ಸಹಿಯ ಪಕ್ಕದಲ್ಲೇ ಡಿಸೆಂಟ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು, ಅಧಿಕಾರಿ ಅದನ್ನು ಓದಿಯೂ ಲೆಕ್ಕಿಸಲಿಲ್ಲ ಎಂದು. ತರಗತಿ ನಿಶ್ಶಬ್ದವಾಗುತ್ತಿತ್ತು. ನನಗೆ ಅದು ಇಷ್ಟವಾಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

ಒಮ್ಮೆ ಚಹಾದ ಹೊತ್ತಿನಲ್ಲಿ ಇತಿಹಾಸ ಕಲಿಸುವ ಸಹೋದ್ಯೋಗಿಯೊಬ್ಬರು ಕೇಳಿದರು. "ಆ ಪದ ನೀವು ಕಣ್ಣಾರೆ ನೋಡೀರೇನ್ರಿ, ಇಲ್ಲಾ ಪಾಠಕ್ಕ ಬೇಕಂತ ಬರದೀರೋ?"

"ನೋಡೀನ್ರಿ."

"ಕಾಗದ ಎಲ್ಲದ?"

"ಅಪ್ಪನ ದಫ್ತರದಾಗ ಇರಬೇಕು."

"ಮತ್ತ ತಗದು ನೋಡ್ರಲಾ. ನೀವು ಎಲ್ಲಾದರ ಮ್ಯಾಲೂ ಸಂಶಯ ಪಡೂವ್ರು."

ತೆಗೆದು ನೋಡಲಿಲ್ಲ. ಆ ಪದ ಅಲ್ಲಿ ಇರದೇ ಇದ್ದರೆ ನಾನು ಸತ್ತವರ ಬಾಯಿಗೆ ಮಾತು ತುರುಕಿದ ಸುಳ್ಳುಗಾರ. ಆ ಸುಳ್ಳನ್ನು ನಾನು ತಾಳಿಕೊಳ್ಳಬಲ್ಲೆ, ಅದು ಅವರಿಗೆ ಗೌರವ ಕೊಡುವ ಸುಳ್ಳು. ಆ ಪದ ಇದ್ದರೆ ಬೇರೆ ಪ್ರಶ್ನೆ. ಯಾರ ತಕರಾರೂ ಇಲ್ಲ ಎಂದು ಆ ಅಧಿಕಾರಿ ಅಂದದ್ದು ನನಗೆ ಯಾವ ಸಂಶಯವೂ ಇಲ್ಲದೆ ನೆನಪಿದೆ. ಅವನು ನನ್ನ ನಕಲನ್ನು ಓದಿ ಆ ಮಾತು ಹೇಳಿದ. ಹಾಗಾದರೆ ನಕಲು ಮಾಡುವಾಗ ಆ ಪದ ನನ್ನ ಕಣ್ಣಿಗೆ ಬೀಳಲಿಲ್ಲವೇ? ಗೌಡನ ಉಸಿರು ಕುತ್ತಿಗೆಗೆ ತಾಗುತ್ತಿತ್ತು, ಕಾಗದ ಮಬ್ಬಿನಲ್ಲಿತ್ತು, ಅಕ್ಷರ ಸಣ್ಣದಿತ್ತು. ಕಣ್ಣು ತಪ್ಪಿದ್ದಕ್ಕೆ ಮಾಫಿ ಇದೆ ಎಂದು ಅಪ್ಪನೇ ಹೇಳುತ್ತಿದ್ದ. ಹೆಬ್ಬೆರಳ ಬುಡದ ಆ ಹಳೆಯ ಗಾಯ ಅವತ್ತು ಲೇಖಣಿ ಹಿಡಿದಾಗ ನೋಯುತ್ತಿತ್ತೆ ಎಂದೂ ಯೋಚಿಸಿದ್ದೇನೆ. ಎಂಟು ವರ್ಷದ ಹಿಂದಿನ ಗಾಯ ನೋಯುವುದಿಲ್ಲ.

ನಿವೃತ್ತಿಯಾದ ಮೇಲೆ, ಕಮಲಾಪುರದ ಮನೆಯ ಮಾಳಿಗೆ ಸೋರಿ ಅಪ್ಪನ ಗಂಟುಗಳನ್ನು ಬಿಸಿಲಿಗೆ ಹಾಕಬೇಕಾಯಿತು. ಆ ವರ್ಷದ ಗಂಟನ್ನು ನಾನೇ ಬಿಚ್ಚಿದೆ. ಮಹಜರು ಸಿಕ್ಕಿತು. ಗೌಡನ ನೇಗಿಲಿನ ಜಾಗದಲ್ಲಿ ಕಾಗದ ಹರಿದಿತ್ತು. ಒಂದೊಂದು ನಿಶಾನಿಯ ಮುಂದೂ ನನ್ನ ಪೆನ್ಸಿಲ್ ಗೆರೆ ಇತ್ತು, ಮಾಸ್ತರರ ಉರ್ದು ಸಹಿಯ ಮುಂದೆಯೂ. ಸಹಿಯ ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಡಿಸೆಂಟ್ ಎಂದಿತ್ತು. ಅದರ ಸುತ್ತ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದೆ.